ಮ್ಯೂಸ್ಕಾದೆ: ಲೇಬಲ್ ಓದುವುದರಿಂದ ಊಟದ ಮೇಜಿನವರೆಗೆ

ಪಶ್ಚಿಮ ಫ್ರಾನ್ಸಿನ ನಾಂತ್‌ಗೆ ನಮ್ಮನ್ನು ನೋಡಲು ಬರುವ ಮಂಗಳೂರಿನ ನೆಂಟರಿಗೆ ನಾನು ಮೊದಲು ಕೊಡುವ ವೈನ್ ಇಲ್ಲಿನ ಬಿಳಿ ವೈನ್ ಮ್ಯೂಸ್ಕಾದೆ. ಇದರಲ್ಲಿ ಸಿಹಿ ಹುಡುಕಬೇಡಿ. ಚುರುಕು ಹುಳಿ, ಕೊನೆಗೆ ನಾಲಿಗೆಯ ಮೇಲೆ ಉಪ್ಪಿನ ಒಂದೆಳೆ. ಆಲ್ಕೋಹಾಲ್ ಶೇ. 12ರ ಆಸುಪಾಸು. ಅಗ್ಗದ ವೈನೆಂದು ಫ್ರಾನ್ಸಿನಲ್ಲೇ ಮೂಗು ಮುರಿಯುವವರಿದ್ದಾರೆ. ಅವರಿಗೆ ಒಳ್ಳೆಯ ಬಾಟ್ಲಿ ಸಿಕ್ಕಿಲ್ಲ, ಅಷ್ಟೇ.

ಅದಕ್ಕೇ ಲೇಬಲ್ ಓದಿಯೇ ತಗೊಳ್ಳಿ. ಬರೀ ಮ್ಯೂಸ್ಕಾದೆ ಎಂದಿದ್ದರೆ ಬಿಟ್ಟುಬಿಡಿ, ‘ಸೆವ್ರ್ ಎ ಮೇನ್’ ಎಂದೂ ಇರಬೇಕು. ನಾಂತ್‌ನ ಆಗ್ನೇಯಕ್ಕಿರುವ ಎರಡು ಹೊಳೆಗಳ ಸೀಮೆ ಅದು. 1936ರಿಂದ ಆ ಹೆಸರಿಗೆ ಕಾನೂನಿನ ಕಾವಲಿದೆ. ಅದಕ್ಕಿಂತ ಮುಖ್ಯವಾಗಿ ‘ಸ್ಯೂರ್ ಲಿ’ ಎಂದು ಬರೆದಿದೆಯೇ ನೋಡಿ. ರಸ ಹುದುಗಿದ ಮೇಲೆ ಯೀಸ್ಟ್ ಸತ್ತು ತಳದಲ್ಲಿ ಗಷ್ಟಾಗಿ ಕೂರುತ್ತದೆ. ಸ್ಯೂರ್ ಲಿ ವೈನನ್ನು ಇಡೀ ಚಳಿಗಾಲ ಆ ಗಷ್ಟಿನ ಮೇಲೇ ಬಿಡುತ್ತಾರೆ, ಕೊಯ್ಲಿನ ಮರುವರ್ಷ ಮಾರ್ಚ್ 1ಕ್ಕೆ ಮೊದಲು ಬಾಟ್ಲಿಗೆ ತುಂಬುವಂತಿಲ್ಲ. ಮ್ಯೂಸ್ಕಾದೆ ಮಾಡುವ ಮೆಲಾನ್ ದ್ರಾಕ್ಷಿ ತಾನಾಗಿ ಹೆಚ್ಚು ಘಮ ಬೀರುವಂಥದ್ದಲ್ಲ. ಬಾಯಿ ತುಂಬುವ ಗುಣ, ಬ್ರೆಡ್ಡಿನ ಸಣ್ಣ ಪರಿಮಳ, ಕೆಲವೊಮ್ಮೆ ನಾಲಿಗೆಗೆ ಚುಳ್ಳೆನ್ನುವ ಗ್ಯಾಸಿನ ಗುಳ್ಳೆ, ಎಲ್ಲವೂ ಆ ಗಷ್ಟಿನ ಕೊಡುಗೆ.

ಪೂರ್ವ ಫ್ರಾನ್ಸಿನ ಬೂರ್ಗೋನ್ ಮೂಲದ ಈ ದ್ರಾಕ್ಷಿ ಇಲ್ಲಿ ಬೇರು ಬಿಟ್ಟಿದ್ದಕ್ಕೆ 1709ರ ಚಳಿ ದೊಡ್ಡ ಕಾರಣ. ಆ ವರ್ಷ ಇಲ್ಲಿನ ಬಹುತೇಕ ತೋಟಗಳು ಹೆಪ್ಪುಗಟ್ಟಿ ಸತ್ತವು. ಮತ್ತೆ ನೆಡುವಾಗ ಚಳಿ ತಡೆಯುವ ಮೆಲಾನನ್ನೇ ಜನ ನೆಚ್ಚಿಕೊಂಡರು.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಾದರೆ ಕ್ಲಿಸ್ಸೋಂ ಅಥವಾ ಗೋರ್ಜ್ ಎಂಬ ಊರಿನ ಹೆಸರಿರುವ ಬಾಟ್ಲಿ ಕೇಳಿ. ಇವಕ್ಕೆ 2011ರಲ್ಲಿ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಕನಿಷ್ಠ 24 ತಿಂಗಳು ಗಷ್ಟಿನ ಮೇಲಿರಬೇಕು. ಕ್ಲಿಸ್ಸೋಂನದು ಗ್ರಾನೈಟ್ ನೆಲ, ವೈನ್ ದುಂಡಗೆ, ತುಂಬಿಕೊಂಡಿರುತ್ತದೆ. ಗೋರ್ಜ್‌ನದು ಗ್ಯಾಬ್ರೋ ಎಂಬ ಕಪ್ಪು ಕಲ್ಲು, ವೈನ್ ಬಿಗಿ. ನನಗೆ ಗೋರ್ಜ್ ಮೇಲೇ ಪ್ರೀತಿ.

ಫ್ರಿಜ್ಜಿನಿಂದ ತೆಗೆದ ತಕ್ಷಣ ಸುರಿಯಬೇಡಿ. ಅತಿ ತಣ್ಣಗಿದ್ದರೆ ಹುಳಿಯೊಂದೇ ಉಳಿಯುತ್ತದೆ. ಕಾಲು ಗಂಟೆ ಹೊರಗಿಟ್ಟು, 8ರಿಂದ 10 ಡಿಗ್ರಿಯಲ್ಲಿ ಕುಡಿಯಿರಿ. ಊರ ಹೆಸರಿನವಕ್ಕೆ ಇನ್ನೆರಡು ಡಿಗ್ರಿ ಹೆಚ್ಚಿರಲಿ.

ಇಲ್ಲಿನವರು ಹಸಿ ಆಯ್ಸ್ಟರ್ ಜೊತೆ ಕುಡಿಯುತ್ತಾರೆ, ಅದಕ್ಕೆ ಸಾಟಿಯಿಲ್ಲ. ನಮ್ಮ ಮನೆಯಲ್ಲಿ ಮೆರ್ಲಾನ್ ಎಂಬ ಬಿಳಿ ಮೀನಿಗೆ ಉಪ್ಪು, ಅರಿಶಿನ, ಕಾಳುಮೆಣಸು ಸವರಿ ರವೆಯಲ್ಲಿ ಹೊರಳಿಸಿ ಕಾಯಿಸುತ್ತೇನೆ. ಮೇಲೆ ನಿಂಬೆ ಹಿಂಡಬೇಡಿ, ಆ ಕೆಲಸ ವೈನೇ ಮಾಡುತ್ತದೆ. ಬ್ಯಾಡಗಿ ಮೆಣಸು ಅರೆದ ಮೀನ್ ಗಸಿಗೆ ಮಾತ್ರ ಇದು ಬೇಡ. ಖಾರದೆದುರು ವೈನ್ ಬರೀ ಹುಳಿನೀರು.

ಬಾಟ್ಲಿಯಲ್ಲಿ ಒಂದು ಗ್ಲಾಸಿನಷ್ಟು ಉಳಿದರೆ ಮರುದಿನ ಮೂಲ್ ತನ್ನಿ, ನಮ್ಮ ಪಚ್ಚಿಲೆಯಂಥದ್ದೇ ಚಿಪ್ಪು. ಚೆನ್ನಾಗಿ ಉಜ್ಜಿ ತೊಳೆಯಿರಿ. ಬೆಣ್ಣೆಯಲ್ಲಿ ಸಣ್ಣೀರುಳ್ಳಿ ಬಾಡಿಸಿ, ವೈನ್ ಸುರಿದು ಕುದಿ ಬಂದಾಗ ಚಿಪ್ಪು ಹಾಕಿ ಮುಚ್ಚಿ. ಉಪ್ಪು ಬೇಡ, ಚಿಪ್ಪಿನೊಳಗಿನ ಸಮುದ್ರದ ನೀರೇ ಸಾಕು. ಐದು ನಿಮಿಷದೊಳಗೆ ಬಾಯಿ ಬಿಡುತ್ತವೆ. ಬಿಡದವನ್ನು ಎಸೆಯಿರಿ, ತಳದ ರಸವನ್ನು ಎಸೆಯಬೇಡಿ.