ಆಶಾ ಕಾರ್ಯಕರ್ತೆಯರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸುವುದು ಹೇಗೆ?

ಇಂಥ ತರಬೇತಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಸ್ಲೈಡು. ಸ್ಕಿಜೋಫ್ರೀನಿಯಾ, ಬೈಪೋಲಾರ್ ಅಂತ ನೀಟಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡ ಆಶಾ ಒಬ್ಬರು ಊಟದ ಹೊತ್ತಲ್ಲಿ ಕೇಳಿದರು, "ನಮ್ಮ ಬೀದೀಲಿ ಒಬ್ಬಳು ಬಾಣಂತಿ ಮಗು ಎತ್ತಿಕೊಳ್ಳೋದೇ ಇಲ್ಲ. ಹೋಗಿ ಏನಂತ ಮಾತು ಶುರು ಮಾಡಲಿ ಮೇಡಂ?" ಅದು ಯಾವ ಸ್ಲೈಡಿನಲ್ಲೂ ಇರಲಿಲ್ಲ. ಕಲಿಸಬೇಕಾದದ್ದು ಅದೇ ಅಲ್ವಾ?

ಮೊದಲು ಬ್ಯಾಚು. ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ. ಒಂದೇ ದಿನಕ್ಕೆ ಮುಗಿಸಬೇಡಿ, ವಾರ ಬಿಟ್ಟು ಮತ್ತೆ ಕರೆಯಿರಿ.

ಲಕ್ಷಣಗಳಿಗೆ ಅರ್ಧ ಗಂಟೆ ಸಾಕು: ನಿದ್ದೆ ಕೆಟ್ಟಿದೆ, ಊಟ ಸೇರಲ್ಲ, ಒಬ್ಬರೇ ಮಾತಾಡಿಕೊಳ್ಳುತ್ತಾರೆ, ಎಲ್ಲರ ಮೇಲೂ ಅನುಮಾನ, ಕುಡಿತ ಹೆಚ್ಚಿದೆ. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ. ಅದರ ಬದಲು ಅವರ ಊರಿನ ಮಾತನ್ನೇ ಬೋರ್ಡಿನ ಮೇಲೆ ಬರೆಸಿ. ಮನೆಯಲ್ಲಿ ಯಾರೂ 'ಖಿನ್ನತೆ' ಅನ್ನಲ್ಲ. ಎದೆ ಭಾರ, ಜೀವ ಬೇಜಾರು, ಗಾಳಿ ಸೋಕಿದೆ ಅಂತಾರೆ. ಗಾಳಿ ಅಂದವರ ಜೊತೆ ವಾದ ಬೇಡ. ದೇವಸ್ಥಾನಕ್ಕೂ ಹೋಗಿ ಬನ್ನಿ, ಪಿಎಚ್‌ಸಿಗೂ ಬನ್ನಿ ಅಂತ ಹೇಳಲು ಕಲಿಸಿ. ತಲೆ ಹಿಡಿದುಕೊಂಡು ಕೂತ ಮನುಷ್ಯನ ಚಿತ್ರ ಇರುವ ಫ್ಲಿಪ್‌ಚಾರ್ಟ್ ಸಿಕ್ಕರೆ ಪಕ್ಕಕ್ಕಿಡಿ. ಕಾಯಿಲೆ ಇದ್ದವರು ನೀರು ಹಿಡಿಯೋ ಸಾಲಿನಲ್ಲೂ ನಿಂತಿರ್ತಾರೆ.

ಇನ್ನು ಅರ್ಧ ದಿನವನ್ನು ಮಾತಿಗೇ ಇಡಿ. ಮೂರು ಮೂರು ಜನ ಕೂರಿಸಿ: ಒಬ್ಬರು ಬಾಣಂತಿ, ಒಬ್ಬರು ಆಶಾ, ಇನ್ನೊಬ್ಬರು ಸುಮ್ನೆ ನೋಡುವವರು. ಶುರು ನಿದ್ದೆಯಿಂದ. "ಮಗು ಮಲಗಿದಾಗಲಾದರೂ ನಿಂಗೆ ನಿದ್ದೆ ಬರುತ್ತಾ?" ಆಮೇಲೆ ಎರಡು ಪ್ರಶ್ನೆ: ಈ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿದೆಯಾ? ಕೇಳಿ, ಬಾಯಿ ಮುಚ್ಚಿ ಕಾಯಬೇಕು. ಇಲ್ಲೇ ಎಲ್ಲರೂ ಎಡವುವುದು. ಎದುರಿನವರ ಕಣ್ಣು ತುಂಬಿದ ತಕ್ಷಣ "ಧೈರ್ಯ ತಗೋ, ಎಲ್ಲ ಸರಿ ಹೋಗುತ್ತೆ" ಅಂದುಬಿಡುತ್ತಾರೆ, ಮಾತು ಅಲ್ಲಿಗೇ ನಿಂತು ಹೋಗುತ್ತದೆ. ಮೊದಲ ಐದು ನಿಮಿಷ ಬುದ್ಧಿಮಾತು ಹೇಳುವಂತಿಲ್ಲ ಅಂತ ನಿಯಮ ಹಾಕಿ, ಮೀರಿದರೆ ಮೂರನೆಯವರು ಕೈ ಎತ್ತಲಿ.

ಅತಿ ಕಷ್ಟದ ಪ್ರಶ್ನೆಯನ್ನು ಪ್ರತಿಯೊಬ್ಬರಿಂದಲೂ ಗಟ್ಟಿಯಾಗಿ ಹೇಳಿಸಿ: "ಸತ್ತು ಹೋಗೋಣ ಅಂತ ಅನ್ನಿಸಿದ್ದುಂಟಾ ಅಕ್ಕ?" ಮೊದಲ ಸಲ ದನಿ ಇಳಿಯುತ್ತದೆ, ಕಣ್ಣು ನೆಲ ನೋಡುತ್ತದೆ. ಮೂರನೇ ಸಲಕ್ಕೆ ಬಾಯಿಗೆ ಹೊಂದುತ್ತದೆ. ಕೇಳಿದರೆ ಆ ಯೋಚನೆ ಬಂದುಬಿಡುತ್ತೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡಬಾರದು, ಮನೆಯಲ್ಲಿ ನಂಬಿಕಸ್ಥರೊಬ್ಬರಿಗೆ ಹೇಳಬೇಕು, ಕೊಟ್ಟಿಗೆಯಲ್ಲಿರುವ ಕೀಟನಾಶಕದ ಬಾಟಲಿ ಆವತ್ತೇ ಬೇರೆಯವರ ಮನೆ ಸೇರಬೇಕು, ಆವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತರಬೇತಿಯಲ್ಲೇ ಎಲ್ಲರ ಮೊಬೈಲಿಗೂ ಸೇವ್ ಮಾಡಿಸಿ. ಪೊಲೀಸ್ ಕೇಸ್ ಆಗುತ್ತೆ ಅನ್ನೋ ಭಯಕ್ಕೆ ಉತ್ತರ 2017ರ ಮಾನಸಿಕ ಆರೋಗ್ಯ ಕಾಯ್ದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಅದು ನೋಡುತ್ತದೆ.

ಇದೆಲ್ಲ ನಮ್ಮಲ್ಲಿ ಆಗದ ಕೆಲಸ ಅನ್ನುವವರಿಗೆ ಬಳ್ಳಾರಿ ನೆನಪಿಸಿ. ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲೇ ಅಲ್ಲಿ ಪಿಎಚ್‌ಸಿ ಸಿಬ್ಬಂದಿಗೆ ಕಲಿಸಿದ್ದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಆ ಮಾದರಿಯಲ್ಲಿ.

ಆಸ್ಪತ್ರೆಗೆ ಕಳಿಸುವಾಗ ಚೀಟಿ ಕೊಟ್ಟು ಕೈ ತೊಳೆದುಕೊಳ್ಳಬಾರದು, ಮೊದಲ ಸಲ ಜೊತೆಗೇ ಹೋಗಬೇಕು. ಆಮೇಲಿನ ಭೇಟಿಗಳನ್ನು ಡೈರಿಯಲ್ಲಿ ಆಗಲೇ ಬರೆಸಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಆದರೆ ಬಾಯಿ ಒಣಗೋದು, ಹೊಟ್ಟೆ ತೊಳಸೋದು ಮೊದಲೇ ಬರಬಹುದು. ಎಷ್ಟೋ ಜನ ಮಾತ್ರೆ ಬಿಡುವುದು ಆಗಲೇ. ಹಾಗಾಗಿ ಒಂದು ವಾರ ಆದಮೇಲೆ ಒಮ್ಮೆ, ಎರಡು ವಾರ ಆದಮೇಲೆ ಇನ್ನೊಮ್ಮೆ ಹೋಗಿ ಮಾತ್ರೆಯ ಸ್ಟ್ರಿಪ್ ಕೈಗೆ ತಗೊಂಡು, ಎಷ್ಟು ಖಾಲಿಯಾಗಿದೆ ಅಂತ ಎಣಿಸಲು ಹೇಳಿ.