ಟವರ್ ಬ್ರಿಡ್ಜ್ ಪಕ್ಕ ಬಾಡಿಗೆ ಮನೆ: ಲಂಡನ್ನಿಗೆ ಹೊಸದಾಗಿ ಬರುವವರಿಗೆ

'ಸಿಟಿ' ಎನ್ನುವ ಲಂಡನ್ನಿನ ಹಳೆಯ ಬ್ಯಾಂಕು-ವ್ಯಾಪಾರದ ಕೇಂದ್ರದಲ್ಲೋ ಕನೇರಿ ವಾರ್ಫ್‌ನ ಕಚೇರಿಗಳಲ್ಲೋ ಕೆಲಸ ಸಿಕ್ಕಿದವರಿಗೆ ಟವರ್ ಹಿಲ್ ಸುತ್ತಮುತ್ತ ಮನೆ ಮಾಡುವ ಆಸೆ ಸಹಜ. ಕಿಟಕಿ ತೆರೆದರೆ ಕೋಟೆ, ಸೇತುವೆ, ಥೇಮ್ಸ್. ಎಡವಟ್ಟು ಶುರುವಾಗುವುದು ಜಾಹೀರಾತಿನ ಲೆಕ್ಕದಲ್ಲೇ.

ಇಲ್ಲಿ ಎಷ್ಟೋ ಕಡೆ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹಾಕುತ್ತಾರೆ. ವಾರಕ್ಕೆ 550 ಪೌಂಡ್ ಎಂದಿದ್ದರೆ ನಾಲ್ಕರಿಂದ ಗುಣಿಸಿ 2,200 ಎಂದುಕೊಳ್ಳಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ: 2,383. ತಿಂಗಳಿಗೆ 183 ಪೌಂಡ್ ವ್ಯತ್ಯಾಸ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ), ಕರೆಂಟು, ನೀರು ಸಾಮಾನ್ಯವಾಗಿ ಇದರ ಮೇಲೆ. ಒಬ್ಬರೇ ಇದ್ದರೆ ಕೌನ್ಸಿಲ್ ಟ್ಯಾಕ್ಸಿನಲ್ಲಿ ಶೇ. 25 ರಿಯಾಯಿತಿ ಉಂಟು, ಕೇಳಿ ಪಡೆಯಬೇಕು. ಸೇಂಟ್ ಕ್ಯಾಥರೀನ್ ಡಾಕ್ಸ್, ವಾಪಿಂಗ್ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್‌ಗೆ ಸೇರಿದರೆ, ಎದುರು ದಡದ ಶಾಡ್ ಥೇಮ್ಸ್ ಸದಕ್‌ಗೆ. ತೆರಿಗೆಯ ದರ ಬೇರೆಬೇರೆ.

ಮನೆ ಒಪ್ಪಿಗೆಯಾದರೆ ಮೊದಲು ಕೊಡುವುದು ಹೋಲ್ಡಿಂಗ್ ಡಿಪಾಸಿಟ್, ಅಂದರೆ ಮನೆಯನ್ನು ನಿಮಗೆಂದು ಕಾಯ್ದಿರಿಸುವ ಹಣ. ಕಾನೂನಿನ ಪ್ರಕಾರ ಒಂದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅಂದರೆ 550. ವಾರ್ಷಿಕ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಮುಖ್ಯ ಡಿಪಾಸಿಟ್ ಹೆಚ್ಚೆಂದರೆ ಐದು ವಾರದ್ದು, 2,750. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿನವರಿಗೆ ಇದು ಸ್ವರ್ಗವೇ. ಆದರೆ ಸಂಬಳ ನೋಡುತ್ತಾರೆ: ವಾರ್ಷಿಕ ವರಮಾನ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕೆಂಬುದು ಏಜೆಂಟರ ವಾಡಿಕೆ, ಈ ಮನೆಗೆ ಸುಮಾರು 71,500. ಕಡಿಮೆ ಬಿದ್ದರೆ ಬ್ರಿಟನ್ನಿನಲ್ಲಿರುವ ಜಾಮೀನುದಾರರನ್ನು ಕೇಳುತ್ತಾರೆ. ಹಿಂದೆ ಆರು ತಿಂಗಳ ಬಾಡಿಗೆ ಮುಂಗಡ ಕಟ್ಟಿ ಪಾರಾಗುತ್ತಿದ್ದರು. 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವುದಕ್ಕೂ ಜಾಹೀರಾತಿನ ದರಕ್ಕಿಂತ ಹೆಚ್ಚು ಪಡೆಯುವುದಕ್ಕೂ ತಡೆಯಿದೆ. ಬಿಡುವಾಗ ನೀವು ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕು.

ಹೋಲ್ಡಿಂಗ್ ಡಿಪಾಸಿಟ್ ಕೈತಪ್ಪುವುದು ಹೆಚ್ಚಾಗಿ ಅರ್ಜಿಯ ತಪ್ಪಿನಿಂದ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಬೋನಸ್ಸನ್ನು ಸಂಬಳಕ್ಕೆ ಸೇರಿಸಿ ಬರೆದರೆ ತಪ್ಪು ಮಾಹಿತಿ ಎಂದು ಹಣ ಇಟ್ಟುಕೊಳ್ಳಬಹುದು. ನಮ್ಮವರಿಗೆ ಹೆಸರಿನದೂ ಒಂದು ಪಜೀತಿ: ಇನಿಷಿಯಲ್ ಒಂದು ಕಡೆ, ತಂದೆಯ ಹೆಸರು ಇನ್ನೊಂದು ಕಡೆ, ಸರ್‌ನೇಮ್ ಖಾಲಿ. ಪಾಸ್‌ಪೋರ್ಟ್ ಮತ್ತು ಇ-ವೀಸಾದಲ್ಲಿರುವಂತೆಯೇ ಅಕ್ಷರ ಬಿಡದೆ ಬರೆಯಿರಿ. ಇಲ್ಲಿ ಮನೆ ಬಾಡಿಗೆಗೆ ಪಡೆಯುವ ಹಕ್ಕು ನಿಮಗಿದೆ ಎಂದು ತೋರಿಸಲು ಸರ್ಕಾರಿ ಜಾಲತಾಣದಿಂದ ಶೇರ್ ಕೋಡ್ ಎಂಬ ಸಂಕೇತ ತೆಗೆದು ಕೊಡಬೇಕು. ಅದು 'ಆರ್' ಅಕ್ಷರದಿಂದ ಶುರುವಾಗುತ್ತದೆ, 90 ದಿನ ನಡೆಯುತ್ತದೆ. ಕೆಲಸಕ್ಕೆ ತೆಗೆದ ಕೋಡ್ ಇಲ್ಲಿಗೆ ಆಗದು.

ಊರಿನಿಂದಲೇ ಹಣ ಕಳಿಸಬೇಡಿ. "ಮಾಲೀಕ ಹೊರದೇಶದಲ್ಲಿದ್ದಾನೆ, ಕೀ ಕೊರಿಯರ್‌ನಲ್ಲಿ ಬರುತ್ತದೆ" ಎಂದರೆ ಮೋಸವೆಂದೇ ತಿಳಿಯಿರಿ.

ಮನೆ ನೋಡಲು ಹೋದಾಗ ಥೇಮ್ಸ್ ಕಡೆ ಬೆನ್ನು ಹಾಕಿ ಗೋಡೆ ನೋಡಿ. ವಾಪಿಂಗ್, ಶಾಡ್ ಥೇಮ್ಸ್‌ಗಳ ಎಷ್ಟೋ ಮನೆಗಳು ಹಳೆಯ ಗೋದಾಮುಗಳು. ಪಾರಂಪರಿಕ ಕಟ್ಟಡವೆಂದು ಪಟ್ಟಿಯಾಗಿದ್ದರೆ ಅನುಮತಿಯಿಲ್ಲದೆ ಕಿಟಕಿ ಬದಲಿಸುವಂತಿಲ್ಲ. ಒಂಟಿ ಗಾಜಿನ ಕಿಟಕಿಯಾದರೆ ಚಳಿಗಾಲದಲ್ಲಿ ಅಡುಗೆಯ ಹಬೆ ಅದರ ಮೇಲೆ ನೀರಾಗಿ ಇಳಿದು, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಹೊಸದಾಗಿ ಬಳಿದ ಪೇಂಟ್ ಒಂದೇ ಮೂಲೆಯಲ್ಲಿ ಕಂಡರೆ ಅನುಮಾನಪಡಿ. ಒಲೆಯ ಮೇಲಿನ ಫ್ಯಾನ್ ಹಾಕಿ ನೋಡಿ: ಗಾಳಿ ಹೊರಗೆ ಹೋಗುತ್ತದೋ, ಸೋಸಿ ಒಳಗೇ ಬಿಡುತ್ತದೋ? ಒಳಗೇ ಬಿಡುವುದಾದರೆ ಒಣಮೆಣಸಿನಕಾಯಿ ಒಗ್ಗರಣೆಗೆ ಅಲಾರಂ ಕೂಗುವ ಸಾಧ್ಯತೆ ಹೆಚ್ಚು. ಇಂಡಕ್ಷನ್ ಒಲೆಯಾದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಕುಕ್ಕರ್ ತನ್ನಿ.

ಓಡಾಟಕ್ಕೆ ಕೊರತೆಯಿಲ್ಲ. ಒಂದೇ ಎಚ್ಚರ: ಟವರ್ ಗೇಟ್‌ವೇ ನಿಲ್ದಾಣದಿಂದ ಹೊರಡುವ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲಘು ರೈಲು) ಬೆಕ್ಟನ್ ಕಡೆಗೆ ಹೋಗುತ್ತದೆ, ಕನೇರಿ ವಾರ್ಫ್‌ಗೆ ಲೈಮ್‌ಹೌಸ್‌ನಲ್ಲಿ ಬದಲಿಸಬೇಕು. ಸೇತುವೆ ವರ್ಷಕ್ಕೆ ಸುಮಾರು 800 ಸಲ ಹಡಗುಗಳಿಗಾಗಿ ತೆರೆಯುತ್ತದೆ, ಆಗ ಅದರ ಮೇಲೆ ಹೋಗುವ 78ನೇ ನಂಬರಿನ ಬಸ್ಸೂ ನಿಲ್ಲಬೇಕು. ಸೋನಾ ಮಸೂರಿ, ಕರಿಬೇವು ಬೇಕಾದರೆ ಟವರ್ ಹಿಲ್‌ನಿಂದ ಡಿಸ್ಟ್ರಿಕ್ಟ್ ಲೈನ್ ನೇರ ಈಸ್ಟ್ ಹ್ಯಾಮ್‌ಗೆ.

ಕೀ ಸಿಕ್ಕ ದಿನವೇ ಪ್ರತಿ ಗೋಡೆ, ಕಾರ್ಪೆಟ್, ಹಾಸಿಗೆಯ ಫೋಟೊ ತೆಗೆದು ಏಜೆಂಟರಿಗೆ ಇಮೇಲ್ ಮಾಡಿ. ಡಿಪಾಸಿಟ್ಟನ್ನು ಮಾಲೀಕರೋ ಏಜೆಂಟರೋ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಟ್ಟು ನಿಮಗೆ ದಾಖಲೆ ಕೊಡಬೇಕು. ಕೊಡದಿದ್ದರೆ ನ್ಯಾಯಾಲಯ ಅದರ ಮೂರು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಇನ್ನು ಅಡುಗೆಕಟ್ಟೆ ಬಿಳಿಯದಾಗಿದ್ದರೆ ಅರಿಶಿನದ ಡಬ್ಬಿಯ ಕೆಳಗೆ ಮೊದಲ ದಿನದಿಂದಲೇ ಒಂದು ತಟ್ಟೆ ಇಡಿ.