ತೆಳ್ಳನೆ ಅಂಬಲಿಗೆ ಅರ್ಧ ಚಮಚ ಕಪ್ಪು ಮಾಲ್ಟ್

ದಾವಣಗೆರೆಯಲ್ಲಿ ಬಿಸಿಲು ಶುರುವಾದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಅಂಬಲಿ. ಹೋದ ವರ್ಷ ಘಮ ಜಾಸ್ತಿ ಬರಲಿ ಅಂತ ಒಂದು ಕೆಜಿ ಮೊಳಕೆ ರಾಗಿಯನ್ನು ಪೂರ್ತಿ ಕಪ್ಪಗೆ ಹುರಿದು ಗಿರಣಿಗೆ ಕೊಟ್ಟೆ. ಅಂಬಲಿ ಗಂಟಲಲ್ಲಿ ಇಳಿಯಲಿಲ್ಲ. ಒಂದು ಕಡೆ ಕಹಿ, ಇನ್ನೊಂದು ಕಡೆ ಗೋಂದಿನಂಥ ಗಟ್ಟಿ. ಅತ್ತೆ ಒಂದು ಗುಟುಕು ಕುಡಿದು, "ಇದೇನವಾ, ಇದ್ಲು ತೇದು ಕೊಟ್ಟೀಯೇನು?" ಅಂದರು.

ಕಹಿ ಸೀದದ್ದಕ್ಕೆ, ಸರಿ. ಗಟ್ಟಿ ಯಾಕಾಯಿತು? ರಾಗಿ ಮೊಳೆತಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಪಿಷ್ಟ ಒಡೆದು ಗಂಜಿಯನ್ನು ತೆಳ್ಳಗೆ, ಕೊಂಚ ಸಿಹಿ ಮಾಡುವುದು ಅದೇ. ಕಪ್ಪಗಾಗುವಷ್ಟು ಹುರಿದರೆ ಅದು ಸತ್ತೇ ಹೋಗುತ್ತದೆ. ಉಳಿಯುವುದು ಬಣ್ಣ, ವಾಸನೆ ಅಷ್ಟೇ.

ಬಿಯರ್ ಮಾಡುವವರಿಗೆ ಇದು ಹಳೇ ಪಾಠ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್, ಬಾರ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಕಾಫಿ ಬೀಜದ ಹಾಗೆ ಡ್ರಮ್ಮಿನಲ್ಲಿ ಕಪ್ಪಗೆ ಹುರಿಯುವುದಕ್ಕೆ ಪೇಟೆಂಟ್ ಪಡೆದ. ಬಣ್ಣಕ್ಕೆ ಚೂರು ಕಪ್ಪು, ಉಳಿದದ್ದೆಲ್ಲ ತಿಳಿ ಮಾಲ್ಟ್ ಅನ್ನುವ ಲೆಕ್ಕ ಆಮೇಲೆ ಗಟ್ಟಿಯಾಯಿತು. ಐರ್ಲೆಂಡಿನ ಕೆಂಪು ಬಿಯರಿಗೆ ಆ ಕೆಂಪು ಬರುವುದು ಸಾಮಾನ್ಯವಾಗಿ ನೂರಕ್ಕೆ ಎರಡು-ಮೂರು ಪಾಲು ಹುರಿದ ಬಾರ್ಲಿಯಿಂದ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ, ಆದರೆ ಉಪಾಯ ಕದಿಯಬಹುದು ಅಲ್ವಾ?

ಮೊದಲು ಮೊಳಕೆ. ಒಂದು ಕೆಜಿ ರಾಗಿ ತೊಳೆದು ರಾತ್ರಿಯಿಡೀ ನೆನೆಹಾಕಿ. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಡಿ. ಸೆಕೆಗೆ ಹುಳಿ ವಾಸನೆ ಬಂದರೆ ಆ ರಾಗಿ ಬೇಡ. ಮಾಳಿಗೆ ಮೇಲೆ ಹರಡಿ ಗರಿಗರಿ ಒಣಗಿಸಿ, ಬೇರು ಉಜ್ಜಿ, ಮೊರದಲ್ಲಿ ಕೇರಿ.

ಇದರಲ್ಲಿ 50 ಗ್ರಾಂ ಬೇರೆ ತೆಗೆದಿಡಿ. ಉಳಿದದ್ದನ್ನು ಹುರಿಯದೆ, ಹಾಗೇ ಬೀಸಿಸಿ. ಅದೇ ತಿಳಿ ಮಾಲ್ಟ್.

ಈಗ ಆ 50 ಗ್ರಾಂ. ದಪ್ಪ ತಳದ ಬಾಂಡ್ಲಿ, ಸಣ್ಣ ಉರಿ, ಕೈ ನಿಲ್ಲಬಾರದು. ರಾಗಿಯ ಮೈ ಮೊದಲೇ ಕಂದು, ಹಾಗಾಗಿ ಕಣ್ಣು ಮೋಸ ಮಾಡುತ್ತದೆ. ಮೂಗನ್ನು ನಂಬಿ. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಕಾವಲಿ ಮೇಲಿನ ರೊಟ್ಟಿಯ ಘಮ, ಆಮೇಲೆ ಕಾಫಿ. ಕಾಫಿ ಬಂತು ಅಂದಾಗ ನಾಲ್ಕು ಕಾಳು ಬಿಳಿ ಕಾಗದದ ಮೇಲೆ ಹಾಕಿ ಚಮಚದ ಬೆನ್ನಿಂದ ಒತ್ತಿ ನೋಡಿ. ಒಳಗಿನ ಹಿಟ್ಟು ಕಾಫಿಪುಡಿ ಬಣ್ಣಕ್ಕೆ ತಿರುಗಿದ್ದರೆ ಸಾಕು. ಹೊಗೆ ಕಣ್ಣಿಗೆ ಚುರುಕ್ ಅಂದರೆ ತಡವಾಯಿತು ಅಂತಲೇ. ಒಲೆ ಆರಿಸಿದರೆ ಆಗಲಿಲ್ಲ, ಬಿಸಿ ಬಾಂಡ್ಲಿ ಹುರಿಯುತ್ತಲೇ ಇರುತ್ತದೆ. ಮಂಡಕ್ಕಿ ಭಟ್ಟಿಯವರು ಮರಳಿನಿಂದ ಮಂಡಕ್ಕಿಯನ್ನು ತಕ್ಷಣ ಜರಡಿ ಹಿಡಿದು ತೆಗೆಯುತ್ತಾರಲ್ಲ, ಹಾಗೆ ಅಗಲ ತಟ್ಟೆಗೆ ಸುರಿದು ಹರಡಿ. ಆರಿದ ಮೇಲೆ ಮಿಕ್ಸಿಯಲ್ಲಿ ತರಿತರಿ ಪುಡಿ ಮಾಡಿ.

ರಾತ್ರಿ ಅರ್ಧ ಚಮಚ ಕಪ್ಪು ಪುಡಿಯನ್ನು ಒಂದು ಲೋಟ ತಣ್ಣೀರಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ತಣ್ಣೀರಿಗೆ ಬಣ್ಣ ಬಿಡುತ್ತದೆ, ಒಗರು-ಕಹಿ ಅಷ್ಟಾಗಿ ಬಿಡುವುದಿಲ್ಲ. ಇದೂ ಬಿಯರಿನವರದೇ ಉಪಾಯ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ.

ಎರಡು ದೊಡ್ಡ ಚಮಚ ಮಾಮೂಲಿ ರಾಗಿ ಹಿಟ್ಟನ್ನು ಎರಡು ಲೋಟ ನೀರಿನಲ್ಲಿ ಗಂಟಿಲ್ಲದ ಹಾಗೆ ಕುದಿಸಿ ಇಳಿಸಿ. ಸುಮಾರು 65 ಡಿಗ್ರಿಗೆ ಬರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಹಬೆ ಕಮ್ಮಿಯಾಗುವ ತನಕ ಕಾಯಿರಿ, ಕುದಿಯುವಾಗ ಹಾಕಿದರೆ ಕಿಣ್ವ ಸಾಯುತ್ತದೆ. ಒಂದು ದೊಡ್ಡ ಚಮಚ ತಿಳಿ ಮಾಲ್ಟನ್ನು ನೀರಲ್ಲಿ ಕದಡಿ ಸೇರಿಸಿ, ಮುಚ್ಚಿಡಿ. ಹತ್ತು-ಹದಿನೈದು ನಿಮಿಷಕ್ಕೆ ಸೌಟು ಎತ್ತಿ ನೋಡಿ, ಅಂಟಿಕೊಂಡು ಜಾರುತ್ತಿದ್ದ ಗಂಜಿ ಹಾಲಿನ ಹಾಗೆ ಸುರಿಯುತ್ತದೆ. ಆಗ ಕಪ್ಪು ನೀರು ಹಾಕಿ, ಒಂದು ಕುದಿ ಬರಿಸಿ.

ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಅತ್ತೆ ಈಗ ಎರಡನೇ ಲೋಟ ಕೇಳುತ್ತಾರೆ. ಇದ್ಲಿನ ಮಾತು ಮಾತ್ರ ಬಿಟ್ಟಿಲ್ಲ.